ಕಣ್ಣಳತೆ

ನುಕುಸ್ ಊರಿನ ಚಿಕ್ಕ ಪ್ರದರ್ಶನಶಾಲೆಯಲ್ಲಿ
ಮೂರನೇ ಕೋಣೆ ನನ್ನ ಪಾಲಿಗೆ.
ಒಂದು ಕುರ್ಚಿ, ಒಂದು ರಿಜಿಸ್ಟರು, ದಾರ ಕಟ್ಟಿದ ಪೆನ್ನು,
ಮತ್ತು ಸೂರಿನಿಂದ ಇಳಿಬಿಟ್ಟ ಒಂದು ಬಲೆ.

ಹೆಣೆದವಳು ಅಯ್ಸಾನೆಂ.
ಅಜ್ಜಿ ತುರ್ದಿಗುಲ್‌ಳ ಮದುವೆಯ ರಜಾಯಿ ಬಿಚ್ಚಿ
ಒಳಗಿನ ಹತ್ತಿಯನ್ನು ಹಿಂಜಿ, ನೂತು, ಹುರಿಮಾಡಿ
ಎರಡು ಚಳಿಗಾಲ ಗಂಟು ಹಾಕಿದಳಂತೆ.
ಅಂಚಿಗೆ ಬೆಂಡುಗಳ ಬದಲು
ಮೊಯ್ನಾಕ್ ಕಾರ್ಖಾನೆಯ ಮೀನುಡಬ್ಬಿಯ ಮುಚ್ಚಳಗಳು:
ಅಜ್ಜಿ ಇಪ್ಪತ್ತಾರು ವರ್ಷ ಒತ್ತಿದಂಥವು,
ಅವಳ ಹೆಬ್ಬೆರಳ ತುದಿ ಒಯ್ದಂಥವು.

ಹೊರಗಿನವರೆಲ್ಲ ಕೇಳುತ್ತಾರೆ: ಹತ್ತಿಯೇ ಯಾಕೆ?
ಊರವರು ಕೇಳುವುದಿಲ್ಲ.
ನದಿಗಳೆರಡನ್ನೂ ಹೊಲಕ್ಕೆ ತಿರುಗಿಸಿ
ಕಡಲನ್ನು ಕುಡಿದದ್ದು ಯಾವ ಬೆಳೆಯೆಂದು
ಶಾಲೆ ಬಿಟ್ಟು ಹತ್ತಿ ಬಿಡಿಸಿದ ಬೆರಳಿಗೆಲ್ಲ ಗೊತ್ತು.
ನನ್ನವಕ್ಕೂ ಗೊತ್ತು.
ನಾನು ಹುಟ್ಟುವ ಹೊತ್ತಿಗೆ ನೀರು ಬಹಳ ದೂರ ಹೋಗಿತ್ತು;
ಕಡಲೆಂದರೆ ನನಗೆ
ಗಾಳಿ ಎದ್ದ ದಿನ ಹಲ್ಲಿಗೆ ಸಿಗುವ ಉಪ್ಪು.

ಬಲೆಯ ಕೆಳಗೂ ಉಪ್ಪು ಹರಡಿದ್ದಳು, ತೆಳ್ಳಗೆ.
ಮೊದಲ ದಿನವೇ ಶರೀಪಾ ಪೊರಕೆ ತಂದು
ಪೂರಾ ಗುಡಿಸಿಹಾಕಿದಳು.
ಅಯ್ಸಾನೆಂ ಬೈಯಲಿಲ್ಲ.
ಊರಾಚೆ ಬಯಲಿಗೆ ಹೋಗಿ ಇನ್ನೊಂದು ಚೀಲ ತುಂಬಿ ತಂದಳು.

ಗಾಜಿನ ಪೆಟ್ಟಿಗೆಯಲ್ಲಿ ಒಂದು ಮರದ ಪಟ್ಟಿ:
ನಾಲ್ಕು ಬೆರಳಗಲ, ಜರದಾಳು ಮರದ್ದು,
ನಡುವೆ ದಾರ ಉಜ್ಜಿ ಸವೆದದ್ದು.
ಅದಕ್ಕೆ ಸುತ್ತಿಯೇ ಅಜ್ಜಿ ಒಂದೊಂದು ಕಣ್ಣು ಹೆಣೆಯುತ್ತಿದ್ದದ್ದು.
ಮೀನಿಲ್ಲ, ನೀರಿಲ್ಲ, ಅಜ್ಜಿಯಿಲ್ಲ;
ಯಾವ ಮೀನು ನಿಲ್ಲಬೇಕು, ಯಾವ ಮರಿ ದಾಟಿಹೋಗಬೇಕು
ಎಂಬುದಷ್ಟು ಆ ಪಟ್ಟಿಯಲ್ಲಿ ಉಳಿದಿದೆ.

ಬಲೆಯಲ್ಲಿ ಅವಳೇ ಒಂದು ಹರಕು ಬಿಟ್ಟಿದ್ದಳು,
ನೆಲದಿಂದ ಎದೆಮಟ್ಟ, ಆಳೊಬ್ಬ ನುಸುಳುವಷ್ಟು.
ಅದೇ ಮುಖ್ಯವಂತೆ. ತಾಷ್ಕೆಂಟಿನಿಂದ ಬಂದವರು
ಅದರ ಮುಂದೆ ನಿಂತು ದನಿ ತಗ್ಗಿಸುತ್ತಿದ್ದರು.

ಗುರುವಾರ ಮಧ್ಯಾಹ್ನ ಕಲ್ಲಿಬೆಕ್ ಅಜ್ಜ ಬಂದ,
ಆಸ್ಪತ್ರೆಗೆಂದು ಬಸ್ಸು ಹತ್ತಿದವನು,
ಹೊರಗೆ ಬಿಸಿಲೆಂದು ಒಳಗೆ ಕಾಲಿಟ್ಟವನು.
ಟೋಪಿ ತೆಗೆದು ನೋಡಿದ. ಮುಟ್ಟಿದ.
"ಮುಟ್ಟಬಾರದು ಅಜ್ಜಾ" ಅಂದೆ.
"ಹರಿದಿದೆಯಲ್ಲ" ಅಂದ,
ತಪ್ಪು ನನ್ನದೇ ಎಂಬಂತೆ.

ಆಮೇಲೆ ನಾನು ಚಹಾಕ್ಕೆ ಹೋದದ್ದು ನಿಜ.
ಬೇಗ ಬರಬಹುದಿತ್ತು. ಬರಲಿಲ್ಲ.
ಬಾಗಿಲ ಸಂದಿಯಿಂದ ನೋಡಿದೆ:
ಉಪ್ಪಿನ ಮೇಲೆ ಮಂಡಿಯೂರಿದ್ದಾನೆ,
ಅಂಚಿನಲ್ಲಿ ಜೋತ ಉಳಿಕೆ ನೂಲನ್ನು ಎಳೆದು
ಬೆರಳಿಗೆ ಸುತ್ತಿ, ಕುಣಿಕೆ, ಬಿಗಿ, ಸುತ್ತಿ, ಕುಣಿಕೆ, ಬಿಗಿ.
ಆ ಕೈಗಳು ಅವನನ್ನು ಕೇಳುತ್ತಿರಲಿಲ್ಲ.
ಕೊನೆಯ ಗಂಟಿಗೆ ಕತ್ತರಿ ಹುಡುಕಿ, ಸಿಗದೆ,
ಇದ್ದೆರಡು ಹಲ್ಲಿನಲ್ಲಿ ನೂಲು ಕಡಿದ.

"ಇದನ್ನ ಮುಂದೆ ಎಲ್ಲಿಗೆ ಒಯ್ತಾರೆ?"
"ತಾಷ್ಕೆಂಟಿಗೆ."
"ಅಲ್ಲಿ ನೀರಿದೆಯಾ?"
ಕಾಲುವೆಗಳಿವೆ ಅಂದೆ. ತಲೆಯಾಡಿಸಿ ಬಸ್ಸಿಗೆ ಹೋದ.

ಸಂಜೆ ರಿಜಿಸ್ಟರು ತೆರೆದೆ.
ಹಾನಿ: ಇಲ್ಲ.
ಕಾಣೆಯಾದ ವಸ್ತು:
ಬಹಳ ಹೊತ್ತು ಪೆನ್ನಿನ ದಾರ ತಿರುವಿ ಬರೆದೆ,
ತೂತು ಒಂದು.

ಮರುದಿನ ಅಯ್ಸಾನೆಂ ಓದಿದಳು, ನಗಲಿಲ್ಲ.
ಪೆಟ್ಟಿಗೆಯ ಬೀಗ ತೆಗೆಸಿ ಅಜ್ಜಿಯ ಪಟ್ಟಿ ತಂದು
ಹೊಸ ಕಣ್ಣುಗಳಿಗೆ ಹಿಡಿದು ನೋಡಿದಳು.
ಕಲ್ಲಿಬೆಕ್‌ನವು ಒಂದು ಬೆರಳು ದೊಡ್ಡವು.
"ಅವನ ಮೀನು ದೊಡ್ಡದಿತ್ತು" ಅಂದಳು, ಮೆಲ್ಲಗೆ.
ಇದ್ದೀತು. ಅಥವಾ ಬೆಸ್ತರು ಎಲ್ಲ ಊರಲ್ಲೂ ಹಾಗೆಯೇ.

ಕತ್ತರಿ ತರಲೇ ಅಂತ ಕೇಳಿದೆ.
ಬೇಡ. ಉಪ್ಪಿನ ಮೇಲೆ ಎರಡು ಮಂಡಿಯ ಗುರುತಿದೆ,
ಶರೀಪಾಗೆ ಹೇಳು, ಅಂದಳು.