ತಣ್ಣನೆಯ ಕೈ

ಔಡೆನಾರ್ದೆಯಲ್ಲಿ ನಾಲ್ಕಕ್ಕೇ ಕತ್ತಲು.
ಸ್ಕೆಲ್ಡ್ ನದಿಯ ದೋಣಿಗಳಿಗೆ ದೀಪ ಬಂದಿದೆ.
ಪ್ಲಾಸ್ಟರು ಹಾಕಿದ ಬಲಗೈಯನ್ನು ದಿಂಬಿನ ಮೇಲಿಟ್ಟು
ಲೀಸ್‌ಬೆತ್ ಕುರ್ಚಿಯಿಂದಲೇ ಗದರುತ್ತಾಳೆ:
ಕುದಿಸಬೇಡ ವಾನೆಸ್, ಕೆನೆ ಬರೀ ಬೆವರಲಿ.

ಅಂಚಿಗೆ ಗುಳ್ಳೆಯೆದ್ದ ಕೆನೆಯನ್ನು
ಬಿಳಿ ಚಾಕಲೇಟಿನ ಚೂರುಗಳ ಮೇಲೆ ಸುರಿದು
ಸುಮ್ಮನೆ ನಿಲ್ಲಬೇಕು. ನೂರು ಎಣಿಸಬೇಕು.
ನಾನು ಎಂಬತ್ತಕ್ಕೇ ಕಲಕಿದೆ.
ಅವಳಿಗೆ ಗೊತ್ತಾಯಿತು.

ಇದು ಚಾಕಲೇಟೇ ಅಲ್ಲ ಅನ್ನುತ್ತಿದ್ದ ನಮ್ಮಪ್ಪ,
ಕಪ್ಪಿಲ್ಲ, ಕಹಿಯಿಲ್ಲ, ಬರೀ ಕೊಬ್ಬು.
ಆದರೂ ಬೆಳಗಾದರೆ ಬೋಗುಣಿಯ ತಳದಲ್ಲಿ
ಅವನ ಬೆರಳಿನ ಗೆರೆ.

ನಾಲ್ಕು ತಾಸು ತಣ್ಣಗೆ ಕೂತ ಮುದ್ದೆ. ಈಗ ಉಂಡೆ ಕಟ್ಟಬೇಕು.
ನನ್ನವು ಬ್ರೆಡ್ಡಿನವನ ಕೈ, ಮೂವತ್ತು ವರ್ಷ
ಒಲೆಬಾಯಿಯ ಬಿಸಿ ಕುಡಿದವು.
ನಾದಿದ ಹಿಟ್ಟಿಗೆ ಇಷ್ಟ; ಇದಕ್ಕಲ್ಲ.
ಅಂಗೈಗೆ ಬಂದದ್ದೇ ಕರಗಿ
ಮಣಿಕಟ್ಟಿಗೆ ಇಳಿಯುತ್ತದೆ.

ಅಕ್ಕನದು ಚಿಕ್ಕಂದಿನಿಂದ ತಣ್ಣನೆಯ ಕೈ.
ಹಿಡಿದವರೆಲ್ಲ ಬೆಚ್ಚಿ ಬಿಟ್ಟವರೇ:
ಪಾದ್ರಿ, ನರ್ಸು, ಎರಡು ವಾರದ ಆ ಎಂಜಿನಿಯರು.
ಟ್ರಫಲ್ ಒಂದೇ ದೂರಿರಲಿಲ್ಲ.

ಎಡಗೈ ಚಾಚಿದಳು. ಇಲ್ಲಿಡು.
ಇಟ್ಟೆ. ಒಂದೇ ಅಂಗೈಯಲ್ಲಿ ಏನು ಉರುಟಾದೀತು?
ನಿನ್ನ ಕೈ ಮೇಲೆ ಮುಚ್ಚು, ಅಂದಳು. ಒತ್ತಬೇಡ.
ಕೆಳಗೆ ಡಿಸೆಂಬರು, ಮೇಲೆ ಒಲೆ,
ನಡುವೆ ಸೊಟ್ಟದೊಂದು ಉಂಡೆ
ಕರಗಲೋ ಬೇಡವೋ ಎಂದು ತಿರುಗುತ್ತ.

ನಲವತ್ತು ವರ್ಷವಾಗಿತ್ತೇನೋ
ಅವಳ ಕೈ ಹಿಡಿದು.

ಹೊರಳಿಸಲು ಕೊಬ್ಬರಿ ತುರಿ ತಂದೆಯಾ, ಅಂದಳು.
ಮರೆತಿದ್ದೆ.