ಒಂದೇ ಮಣಿ

ಗೋವಾದ ಸಾಸೇಜಿನ ಸರ
ಒಲಿ ಮ್ಯಾಲಿನ ಮೊಳಿಗೆ ಜೋತುಬಿದ್ದದ.
ಮದಲ ಹನ್ನೆರಡು ಮಣಿ ಹರದು ಹಾಕತಿದ್ದೆ,
ಈಗ ಒಂದೇ.

ಮಾವನ ಎದಿಯೊಳಗ ಎರಡು ಸ್ಟೆಂಟ್.
ಕೊಬ್ಬು ಬ್ಯಾಡ, ಉಪ್ಪು ಕಡಿಮಿ ಅಂತ ಡಾಕ್ಟರು ಬರಕೊಟ್ಟ ಚೀಟಿ
ಮಡಚಿ ಬೈಬಲ್ಲಿನಾಗ ಇಟ್ಟಾರ,
ಯಾವ ಪುಟದಾಗೋ, ಮತ್ತ ತಗದಿಲ್ಲ.

ರಾತ್ರಿ ಆ ಒಂದು ಮಣಿ ಕುದಿಸಿ
ನೀರು ಫ್ರಿಜ್ಜಿನಾಗ ಇಟ್ಟೆ.
ಮುಂಜಾನೆ ಮ್ಯಾಲೆ ಕೆಂಪು ಕೊಬ್ಬು ಹೆಪ್ಪಗಟ್ಟಿತ್ತು.
ಚಮಚೆಲೆ ಎತ್ತಿ ಬಟ್ಟಲಕ ಹಾಕಿದೆ.
ಚೆಲ್ಲಬೇಕಿತ್ತು.
ಚೆಲ್ಲಲಿಲ್ಲ.

ಉಳದ ನೀರಿನಾಗ ಬೆಳಗಾವಿ ಬಾಸುಮತಿ,
ವಡಗಾವಿ ಗಜ್ಜರಿ, ಉಳ್ಳಾಗಡ್ಡಿ ತಪ್ಪಲ,
ಡೊಣ್ಣಮೆಣಸಿನಕಾಯಿ, ನಾಕು ಹನಿ ವಿನೆಗರ್.
ಮುಚ್ಚಳ ತಗದರ ವಾಸನಿ ಮಾತ್ರ ಹಳೇದು,
ಕ್ಯಾಂಪಿನ ಓಣಿ ತುದೀತನಕ ಹೋಗೂವಂಥಾದ್ದು.

ನಾ ದೇಸನೂರಿನಾಕಿ. ನಮ್ಮ ಮನ್ಯಾಗ ಝುಣಕ, ರೊಟ್ಟಿ.
ಈ ಪುಲಾವ ಕಲಿಸಿದವರು ಇವರೇ,
ಅತ್ತಿ ತೀರಿದ ವರ್ಷ, ಒಲಿ ಬಾಜೂಕ ಸ್ಟೂಲು ಹಾಕ್ಕೊಂಡು:
"ಕೊಬ್ಬಿಗೆ ಕೈ ಹಿಡೀಬ್ಯಾಡ ಮಗಳ."

ಇವತ್ತ ಉಂಡ್ರು. ಎರಡನೇ ಸಲ ನೀಡಿಸಿಕೊಂಡ್ರು.
"ಛಲೋ ಆಗೇದ" ಅಂದ್ರು,
ತಾಟಿಗೆ ಹೇಳಿಧಂಗ.

ಉದ್ಯಮಬಾಗದ ಫೌಂಡ್ರಿಯೊಳಗ ಮೂವತ್ತೊಂದು ವರ್ಷ
ಹಸಿ ಉಸುಕಿನಾಗ ಅಚ್ಚು ಒತ್ತಿದ ಕೈ ಅವು.

ಸಂಜಿಗೆ ಹಾಲಿಗಂತ ಫ್ರಿಜ್ ತಗದೆ.
ಬಟ್ಟಲದಾಗ, ಕೆಂಪು ಕೊಬ್ಬಿನ ನಟ್ಟನಡುವ
ಒಂದು ಬೆರಳಿನ ಅಚ್ಚು,
ಎಲ್ಲೂ ಅಂಚು ಒಡದಿಲ್ಲ.

ಬಾಗಲಾ ಸಪ್ಪಳ ಆಗಧಂಗ ಹಾಕಿದೆ.
ನಾಳೆ ಚೆಲ್ಲತೇನಿ.