ಐದು ಮಿಲಿಮೀಟರ್

ಲಿಂಗಸೂಗೂರಿನ ಸ್ಕ್ಯಾನಿಂಗ್ ಸೆಂಟರಿನ ಬೆಂಚಿನಲ್ಲಿ
ಚೀಟಿ ಮೊಣಕಾಲ ಮೇಲಿಟ್ಟುಕೊಂಡು ಅಪ್ಪ ಕೇಳಿದ:
'ಏನಂತ ಬರದಾರವ್ವಾ?'
ಓದಿದೆ: ಕ್ಯಾಲ್ಕುಲಸ್, ಎಡಗಡೆ, ಐದು ಎಂ.ಎಂ.
'ಅಂದ್ರ?'
'ಕಲ್ಲು.'

ಅಷ್ಟು ನೋವಿನಲ್ಲೂ ನಕ್ಕುಬಿಟ್ಟ
ಮುದಗಲ್ಲಿನ ವಡ್ಡರ ಓಣಿಯ ಸುಂಕಪ್ಪ,
ನಲವತ್ತು ವರ್ಷ ಬಂಡೆಯ ಎಳೆ ಹುಡುಕಿ ಒಡೆದವನು.
'ಇದಕ್ಕ ಉಳಿ ಎಲ್ಲಿಂದ ಹಚ್ಚೂದು?'

ಲ್ಯಾಟಿನ್ ಮಾತಂತೆ. ಡಾಕ್ಟರಮ್ಮ ಹೇಳಿದಳು:
ಕ್ಯಾಲ್ಕ್ಸ್ ಅಂದರೆ ಸುಣ್ಣಕಲ್ಲು, ಅದರ ಮರಿ ಈ ಕ್ಯಾಲ್ಕುಲಸ್.
ಹಿಂದೆ ಹರಳಿಟ್ಟು ಎಣಿಸುತ್ತಿದ್ದರಲ್ಲ,
ಅಂಗಡಿಯ ಕ್ಯಾಲ್ಕುಲೇಟರೂ ಅದೇ ಮನೆತನ.
'ಅಲ್ಲೂ ಕಲ್ ಐತಿ!' ಎಂದ ಅಪ್ಪ.
ನಂಟಿಲ್ಲ ಅಪ್ಪಾ, ಬಸ್‌ಸ್ಟ್ಯಾಂಡಿನಲ್ಲಿ
ಒಂದೇ ಬಣ್ಣದ ಅಂಗಿ ತೊಟ್ಟ ಇಬ್ಬರು, ಅಷ್ಟೇ.
ಅವನು ಒಪ್ಪಲಿಲ್ಲ.
ಒಂದೇ ಥಾನಿನ ಬಟ್ಟೆ ಇದ್ದೀತು ಎಂದ.

ನಮ್ಮ ಮನೆಯಲ್ಲಿ ಕಲ್ಲಿಗೆ ಕಲ್ಲೆನ್ನುತ್ತಿರಲಿಲ್ಲ.
ಒಲೆಯ ಮುಂದಿನ ಮಾತು ನಮ್ಮ ಮುರುಕು ತೆಲುಗು.
ಮಲಗಿಸುವಾಗ ಅವ್ವ, 'ಕಳ್ಳು ಮೂಸ್ಕೋ.'
ಹಾಗಾಗಿ ಒಂದನೆಯ ಇಯತ್ತೆಯಲ್ಲಿ
ಸಂಗನಬಸಪ್ಪ ಮಾಸ್ತರು 'ಕಲ್ಲು ತೋರಿಸು' ಎಂದಾಗ
ನಾನು ಎರಡು ಬೆರಳನ್ನು ರೆಪ್ಪೆಗೆ ಮುಟ್ಟಿಸಿದೆ.
ಇಡೀ ಕೋಣೆ ನಕ್ಕಿತು.
ನಾಲಿಗೆ ಮಡಚುವಷ್ಟೇ ದೂರ ಕಣ್ಣಿಗೂ ಕಲ್ಲಿಗೂ;
ಹಿಂದಿನ ಬೇಸಿಗೆ ಆ ದೂರವನ್ನೂ ದಾಟಿ
ಒಂದು ಚೆಕ್ಕೆ ಅಪ್ಪನ ಬಲಗಣ್ಣಿಗೆ ಬಂದಿತ್ತು.

ಮುಂದೆ ಕನ್ನಡ ಬಂತು. ಆಮೇಲೆ ಗದ್ವಾಲದ ದೊಡ್ಡಪ್ಪ ಬಂದು
'ಕಲ್ಲು ತಾಗುದಾಂ ರಾ' ಎಂದು ಅಪ್ಪನನ್ನು ಕರೆದೊಯ್ದ ರಾತ್ರಿ
ನಿದ್ದೆಯಿಲ್ಲ ನನಗೆ:
ಕಲ್ಲನ್ನು ಹೇಗೆ ಕುಡಿಯುತ್ತಾರೆ?
ಕುಡಿದು ಬಂದ ಇಬ್ಬರೂ ಎಷ್ಟು ಹಗುರಾಗಿದ್ದರು.

ಮಕ್ತುಂಸಾಬನದು ಬೇರೆ ಕಲ್.
ತಾಯಿಯ ಗೋರಿಯ ಹಲಗೆ ಕೊರೆಸಿಕೊಂಡು
'ಕಲ್ ದೇತೌಂ ಸುಂಕಪ್ಪಾ' ಎಂದು ಹೋದ.
ಆ ಕಲ್ ನಿನ್ನೆಯೂ ಹೌದು, ನಾಳೆಯೂ ಹೌದು,
ಎಂಟು ತಿಂಗಳು ಎರಡೂ ಆಗಲಿಲ್ಲ.
ಒಂದು ನಸುಕಿನಲ್ಲಿ ಬಂದ, ನೋಟು ಎಣಿಸಿಟ್ಟ,
ಚಹಾ ಕುಡಿಯದೆ ಹೋದ.
ಅದರ ಬೇರು ಕಲ್ಯ, ಸಂಸ್ಕೃತದ ಬೆಳಗು
ಎಂದು ಎಷ್ಟೋ ವರ್ಷಕ್ಕೆ ನಿಘಂಟಿನಲ್ಲಿ ಸಿಕ್ಕಿತು.
ಬೆಳಗು ನಿನ್ನೆಯೂ ಆಗಿತ್ತಲ್ಲ. ನಾಳೆಯೂ ಆದೀತು.
ಯಂತ್ರಕ್ಕೂ ಅವರು ಕಲ್ ಅನ್ನುತ್ತಾರೆ, ನೆಮ್ಮದಿಗೂ ಕಲ್.
ಕುಷ್ಟಗಿ ದಾರಿಗೆ ಕೊಯ್ಯುವ ಕಲ್ ಬಂದ ವರ್ಷ
ಅಪ್ಪನ ಕಲ್ ಹೋಯಿತು.

ನಮ್ಮೂರ ಹೆಸರ ಬಾಲದಲ್ಲಿ ಅದು ಗಲ್ ಆಗಿ
ಮೆತ್ತಗೆ ಕೂತಿದೆ, ಕೋಟೆಯ ನೆರಳಿಗೆ ಬಂದ ಎಮ್ಮೆಯ ಹಾಗೆ.
ಹಳಗನ್ನಡದಲ್ಲಿ ಕಲ್ ಅಂದರೆ ಕಲ್ಲು,
ಕಲ್ ಅಂದರೆ ಕಲಿ.
ಇದನ್ನು ಓದಿದ ದಿನ ಪುಸ್ತಕ ಮುಚ್ಚಿ ಹೊರಗೆ ಬಂದೆ.
ಯಾಕೆಂದರೆ ಅವ್ವನ ಮಾತಿನಲ್ಲಿ ಕಲ್ಲು ರಾಯಿ,
ಬರೆ ಎನ್ನುವುದೂ ರಾಯಿ.
ಪಾಟಿಯ ಮುಂದೆ ನನ್ನನ್ನು ಕೂರಿಸಿ
'ರಾಯಿ, ರಾಯಿ' ಎಂದು ಬೆನ್ನಿಗೆ ಗುದ್ದುತ್ತಿದ್ದಳು
ತನ್ನ ಹೆಸರಿನ ಮೊದಲಕ್ಷರ ತಿಳಿಯದವಳು.
ಅಪ್ಪನಿಗೂ ತಿಳಿಯದು.
ಬರೆದುಕೊಟ್ಟದ್ದನ್ನು ಮೂರು ಲಿಪಿಯಲ್ಲಿ ಕೊರೆದ,
ಒಂದನ್ನೂ ಓದಲಿಲ್ಲ.

ಹನ್ನೊಂದು ದಿನ ಬಾರ್ಲಿ ನೀರು, ಬಾಳೆದಿಂಡಿನ ರಸ.
ಹನ್ನೆರಡನೆಯ ದಿನ ಬೆಳಿಗ್ಗೆ
ಬಚ್ಚಲಿಂದ ಬಂದವನ ಕೈಯಲ್ಲಿ ಬೆಂಕಿಪೊಟ್ಟಣ.
ಒಳಗೆ ತೊಳೆದ ಹರಳು, ಜೋಳಕ್ಕಿಂತ ತುಸು ದೊಡ್ಡದು,
ಬೆಲ್ಲದ ಬಣ್ಣ.
ಉಳಿದ ಕಣ್ಣಿಗೆ ಹಿಡಿದು, ತಿರುಗಿಸಿ,
ಎಳೆ ಎತ್ತ ಹೋಗಿದೆ ಎಂದು ನೋಡಿದ,
ಚಟ.
ಆಮೇಲೆ ನನ್ನ ಅಂಗೈಗೆ ಇಟ್ಟು
'ರಾಯಿ' ಎಂದ.

ಒಳಗಿಂದ ಅವ್ವ ಚಹಾಕ್ಕೆ ಕೂಗುತ್ತಿದ್ದಳು.